ಐ ಆಮ್ ನಾಟ್ ಇನ್ ಲವ್

'ಐ ಆಮ್ ನಾಟ್ ಇನ್ ಲವ್' ಎಂಬುದು ಇಂಗ್ಲೆಂಡಿನ 'ಟೆನ್ ಸಿಸಿ' ವಾದ್ಯತಂಡದ ಪ್ರಸಿದ್ಧ ಪಾಪ್ ಗೀತೆ. ಎರಿಕ್ ಸ್ಟೀವರ್ಟ್ ಮತ್ತು ಗ್ರಹಾಂ ಗೌಲ್ಡ್‌ಮನ್ ಇದನ್ನು ರಚಿಸಿದರು. 1975ರಲ್ಲಿ 'ದಿ ಒರಿಜಿನಲ್ ಸೌಂಡ್‌ಟ್ರ್ಯಾಕ್' ಎಂಬ ಧ್ವನಿಸಂಪುಟದಲ್ಲಿ ಮೊದಲು ಸೇರಿದ್ದ ಈ ಗೀತೆ ಅದೇ ವರ್ಷ ಬಿಡಿ ಧ್ವನಿಮುದ್ರಿಕೆಯಾಗಿಯೂ ಹೊರಬಂದಿತು. ಮಾನವ ಕಂಠವನ್ನೇ ವಾದ್ಯವಾಗಿ ಬಳಸಿಕೊಂಡ ವಿಶಿಷ್ಟ ಧ್ವನಿಮುದ್ರಣ ವಿಧಾನಕ್ಕಾಗಿ ಇದು ಹೆಸರುವಾಸಿಯಾಗಿದೆ.

ಹಿನ್ನೆಲೆ

ತಾನು ಆಕೆಯನ್ನು ಪ್ರೀತಿಸುವುದಾಗಿ ಪದೇ ಪದೇ ಹೇಳುವುದಿಲ್ಲವೇಕೆ ಎಂದು ಪತ್ನಿ ಕೇಳಿದ ಪ್ರಶ್ನೆಯೇ ಈ ಗೀತೆಗೆ ಪ್ರೇರಣೆ ಎಂದು ಸ್ಟೀವರ್ಟ್ ತಿಳಿಸಿದ್ದಾರೆ. ಪ್ರೀತಿಯನ್ನು ನಿರಾಕರಿಸುತ್ತಲೇ ಅದನ್ನು ಒಪ್ಪಿಕೊಳ್ಳುವ ನಾಯಕನ ಸ್ಥಿತಿ ಇಲ್ಲಿದೆ. ನಮ್ಮ ಅಲಂಕಾರಶಾಸ್ತ್ರ ಬಲ್ಲವರು ಇದನ್ನು ವ್ಯಾಜೋಕ್ತಿ ಎಂದಾರು.

ಗೀತೆಯನ್ನು ಮೊದಲು ಬ್ರೆಜಿಲ್ ಮೂಲದ ಬೋಸಾ ನೋವಾ ಲಯದಲ್ಲಿ ಮುದ್ರಿಸಲಾಗಿತ್ತು. ತಂಡದ ಕೆವಿನ್ ಗಾಡ್ಲಿ ಮತ್ತು ಲೋಲ್ ಕ್ರೀಮ್ ಅವರಿಗೆ ಅದು ಹಿಡಿಸಲಿಲ್ಲ. ಗೀತೆಯನ್ನು ಕೈಬಿಟ್ಟುದಲ್ಲದೆ ಮುದ್ರಿಸಿದ ಟೇಪನ್ನೂ ಅಳಿಸಿಹಾಕಿದರು. ಆದರೆ ಸ್ಟುಡಿಯೋದ ಸಿಬ್ಬಂದಿ ಆ ರಾಗವನ್ನೇ ಗುನುಗುತ್ತಿರುವುದು ಸ್ಟೀವರ್ಟ್ ಅವರ ಕಿವಿಗೆ ಬಿದ್ದು, ಅದನ್ನು ಮತ್ತೆ ಕೈಗೆತ್ತಿಕೊಳ್ಳಲಾಯಿತು. ವಾದ್ಯಗಳ ಬದಲು ಕಂಠಗಳಿಂದಲೇ ಗೀತೆಯನ್ನು ಕಟ್ಟಬೇಕೆಂಬ ಸಲಹೆ ಬಂದದ್ದು, ಮೊದಲು ಅದನ್ನು ತಿರಸ್ಕರಿಸಿದ್ದ ಗಾಡ್ಲಿ ಅವರಿಂದಲೇ.

ಧ್ವನಿಮುದ್ರಣ

ಮ್ಯಾಂಚೆಸ್ಟರ್ ಸಮೀಪದ ಸ್ಟಾಕ್‌ಪೋರ್ಟ್ ಪಟ್ಟಣದ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಮುದ್ರಣ ನಡೆಯಿತು. ಸಾವಿರಾರು ಕಂಠಗಳನ್ನು ಒಂದೇ ಯಂತ್ರದ ಗುಂಡಿಯಿಂದ ಹೊರಡಿಸುವ ಅನುಕೂಲ ಅಂದು ಇರಲಿಲ್ಲವೆಂಬುದನ್ನು ಇಂದಿನ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಗೌಲ್ಡ್‌ಮನ್, ಗಾಡ್ಲಿ ಮತ್ತು ಕ್ರೀಮ್ ಮೂವರೂ ಒಟ್ಟಾಗಿ ಒಂದೊಂದು ಸ್ವರವನ್ನು 16 ಬಾರಿ ಹಾಡಿದರು. ಹೀಗೆ ಒಂದು ಸ್ವರಕ್ಕೆ 48 ಕಂಠಗಳಾದವು. ಆಧಾರ ಸ್ವರದಿಂದ ಮೇಲಿನ ಸ್ಥಾಯಿಯವರೆಗಿನ 13 ಸ್ವರಗಳಿಗೆ ಒಟ್ಟು 624.

ಸ್ವರ ನಿಲ್ಲದೆ ಮೊಳಗಲು ಪ್ರತಿ ಸ್ವರದ ಟೇಪಿನ ಎರಡು ತುದಿಗಳನ್ನು ಬೆಸೆದು ಬಳೆಯಂತೆ ಸುತ್ತಿಸಲಾಯಿತು. ಇದು ಕ್ರೀಮ್ ಅವರ ಸಲಹೆ. ಬೆಸುಗೆಯ ಜಾಗದ ಸದ್ದು ಮೇಲಿಂದ ಮೇಲೆ ಕೇಳಬಾರದೆಂದು ಬಳೆಯನ್ನು ಸುಮಾರು 12 ಅಡಿ ಉದ್ದವಾಗಿಸಿ, ಮೈಕ್ ನಿಲ್ಲಿಸುವ ಕಂಬವೊಂದಕ್ಕೆ ಹಾಯಿಸಿ ತಿರುಗಿಸಿದರು. 16 ಪಥಗಳ ಯಂತ್ರದಲ್ಲಿ ಈ ಸ್ವರಗಳೇ 13 ಪಥಗಳನ್ನು ಆಕ್ರಮಿಸಿದವು. ಬಳಿಕ ನಾಲ್ವರೂ ಮಿಶ್ರಣ ಫಲಕದ ಮುಂದೆ ನಿಂತು, ಬೇಕಾದ ಸ್ವರದ ಫೇಡರನ್ನು ಮೇಲೇರಿಸುತ್ತ, ಬೇಡವಾದುದನ್ನು ಇಳಿಸುತ್ತ, ಫಲಕವನ್ನೇ ನುಡಿಸಿದರು. ಯಾವ ಸ್ವರವೂ ಪೂರ್ಣ ಅಡಗದಂತೆ ಫೇಡರುಗಳ ಕೆಳತುದಿಗೆ ಅಂಟುಪಟ್ಟಿ ಹಚ್ಚಲಾಗಿತ್ತು. ಗೀತೆಯ ಉದ್ದಕ್ಕೂ ಮಂಜಿನಂತೆ ಹಬ್ಬಿರುವ ಮರ್ಮರಕ್ಕೆ ಇದೇ ಕಾರಣ. ನಮ್ಮ ತಂಬೂರಿಯ ಶ್ರುತಿಯನ್ನು ಇದು ನೆನಪಿಗೆ ತರುವುದಾದರೂ, ಇಲ್ಲಿ ಎಲ್ಲ ಸ್ವರಸ್ಥಾನಗಳೂ ಏಕಕಾಲಕ್ಕೆ ಸಣ್ಣಗೆ ಮಿಡಿಯುತ್ತಿರುತ್ತವೆ.

ಎಲೆಕ್ಟ್ರಿಕ್ ಪಿಯಾನೋ, ಗಿಟಾರ್ ಹಾಗೂ ಮೂಗ್ ಸಿಂಥಸೈಸರಿನಿಂದ ಹೊರಡಿಸಿದ ಮೆದುವಾದ ತಾಳದ ಬಡಿತ ಉಳಿದ ಪಕ್ಕವಾದ್ಯಗಳು. ನಡುವೆ ಕೇಳಿಬರುವ ಹೆಣ್ಣುದನಿಯ ಪಿಸುಮಾತು ವೃತ್ತಿಗಾಯಕಿಯದಲ್ಲ. ಸ್ಟೀವರ್ಟ್ ಅವರಿಗೆ ದೂರವಾಣಿ ಕರೆ ಬಂದಿದೆಯೆಂದು ಮೆಲ್ಲನೆ ತಿಳಿಸಲು ಒಳಬಂದ ಸ್ಟುಡಿಯೋದ ಸ್ವಾಗತಕಾರಿಣಿಯ ದನಿ ಕೇಳಿ, ಆಕೆಯಿಂದಲೇ ಅದನ್ನು ನುಡಿಸಿದರು.

ಜನಪ್ರಿಯತೆ

ಗೀತೆಯ ಅವಧಿ ಆರು ನಿಮಿಷಕ್ಕೂ ಹೆಚ್ಚು. ರೇಡಿಯೋ ಪ್ರಸಾರಕ್ಕೆ ಅದು ದೀರ್ಘವೆನಿಸಿದ್ದರಿಂದ ಕತ್ತರಿಸಿದ ಆವೃತ್ತಿಯೂ ಹೊರಬಂದಿತು. 1975ರ ಜೂನ್ ಕೊನೆಯಲ್ಲಿ ಬ್ರಿಟನ್ನಿನ ಜನಪ್ರಿಯತಾ ಪಟ್ಟಿಯ ಮೊದಲ ಸ್ಥಾನಕ್ಕೇರಿ ಎರಡು ವಾರ ಅಲ್ಲಿಯೇ ಇತ್ತು. ಐರ್ಲೆಂಡ್ ಮತ್ತು ಕೆನಡಾಗಳಲ್ಲಿಯೂ ಅಗ್ರಸ್ಥಾನ ದೊರೆಯಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮಾತ್ರ ಅದೃಷ್ಟ ಕೈಕೊಟ್ಟಿತು: ಮೂರು ವಾರ ಎರಡನೆಯ ಸ್ಥಾನದಲ್ಲಿದ್ದರೂ, ಮೊದಲ ಸ್ಥಾನವನ್ನು ವಾರಕ್ಕೊಂದರಂತೆ ವ್ಯಾನ್ ಮೆಕಾಯ್, ಈಗಲ್ಸ್ ಮತ್ತು ಬೀ ಜೀಸ್ ಅವರ ಗೀತೆಗಳು ಹಿಡಿದುಕೊಂಡಿದ್ದವು.

1976ರಲ್ಲಿ ಗಾಡ್ಲಿ ಮತ್ತು ಕ್ರೀಮ್ ತಂಡವನ್ನು ತೊರೆದರು. 1990ರಲ್ಲಿ 'ವಿಲ್ ಟು ಪವರ್' ತಂಡ ಈ ಗೀತೆಯನ್ನು ಮತ್ತೆ ಹಾಡಿ ಅಮೆರಿಕದ ಮೊದಲ ಹತ್ತರೊಳಗೆ ತಂದಿತು. 2014ರ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ಚಲನಚಿತ್ರದ ಆರಂಭದಲ್ಲಿ ಮೂಲ ಗೀತೆಯನ್ನು ಕೇಳಬಹುದು.