ಮಳೆ ಪ್ರದೇಶಗಳಲ್ಲಿ ಗ್ಯಾರೇಜ್ ಬಾಗಿಲಿನ ದುರಸ್ತಿ ಮತ್ತು ನಿರ್ವಹಣೆ

ಗ್ಯಾರೇಜ್ ಬಾಗಿಲು ಎಂಬುದು ಮನೆಯ ವಾಹನ ಕೊಠಡಿಗೆ ಅಳವಡಿಸುವ, ಸಾಮಾನ್ಯವಾಗಿ ಮೇಲ್ಮುಖವಾಗಿ ತೆರೆದುಕೊಳ್ಳುವ ದೊಡ್ಡ ಬಾಗಿಲು. ಮಳೆ ಮತ್ತು ತೇವ ಹೆಚ್ಚಿರುವ ಪ್ರದೇಶಗಳಲ್ಲಿ ತುಕ್ಕು, ಮರದ ಉಬ್ಬುವಿಕೆ ಹಾಗೂ ನೀರಿನ ಒಸರುವಿಕೆಯಿಂದಾಗಿ ಇದರ ಆಯುಷ್ಯ ಕಡಿಮೆಯಾಗುತ್ತದೆ. ಈ ಲೇಖನವು ಅಮೆರಿಕ ಸಂಯುಕ್ತ ಸಂಸ್ಥಾನದ ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳ ಪಶ್ಚಿಮ ಭಾಗವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದೆ.

ರಚನೆ

ಅಡ್ಡಪಟ್ಟಿಗಳಾಗಿ ಮಡಚಿಕೊಂಡು ಮೇಲೇರುವ ಬಾಗಿಲನ್ನು ಸಿ. ಜಿ. ಜಾನ್ಸನ್ 1921ರಲ್ಲಿ ರೂಪಿಸಿದರು. 1926ರಲ್ಲಿ ಅದಕ್ಕೆ ವಿದ್ಯುತ್ ಚಾಲಕವೂ ಸೇರಿತು. ಇಂದಿನ ಬಾಗಿಲುಗಳು ಬಹುಮಟ್ಟಿಗೆ ಅದೇ ತತ್ತ್ವವನ್ನು ಅನುಸರಿಸುತ್ತವೆ. ಉಕ್ಕು ಅಥವಾ ಮರದ ಪಟ್ಟಿಗಳನ್ನು ಕೀಲುಗಳಿಂದ ಜೋಡಿಸಿ, ಅವುಗಳ ಅಂಚಿನ ರೋಲರ್‌ಗಳನ್ನು ಇಕ್ಕೆಲಗಳ ಹಳಿಗಳಲ್ಲಿ ಓಡಿಸಲಾಗುತ್ತದೆ. ಎರಡು ಕಾರುಗಳ ಅಗಲದ ಮರದ ಬಾಗಿಲಿನ ತೂಕ ನೂರು ಕಿಲೋಗ್ರಾಂ ಮೀರುವುದುಂಟು. ಈ ಭಾರವನ್ನು ಹೊರುವುದು ಮೋಟಾರು ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ವಾಸ್ತವದಲ್ಲಿ ಬಾಗಿಲಿನ ಮೇಲ್ಭಾಗದ ದಂಡಕ್ಕೆ ಸುತ್ತಿದ ತಿರುಚು ಸ್ಪ್ರಿಂಗ್ ಅಥವಾ ಹಳಿಯ ಪಕ್ಕದ ಎಳೆತದ ಸ್ಪ್ರಿಂಗ್, ಉಕ್ಕಿನ ಕೇಬಲ್‌ಗಳ ಮೂಲಕ ಭಾರವನ್ನು ಸರಿದೂಗಿಸುತ್ತದೆ. ಮೋಟಾರು ಅದನ್ನು ಕೇವಲ ಮುಂದೆ ತಳ್ಳುತ್ತದೆ. ದುರಸ್ತಿಯ ಕುರಿತ ಎಲ್ಲ ಎಚ್ಚರಿಕೆಗಳೂ ಈ ಒಂದು ಸಂಗತಿಯಿಂದ ಹುಟ್ಟಿದವು.

ಮಳೆಯ ಸ್ವರೂಪ

ಸಿಯಾಟಲ್ ನಗರದ ವಾರ್ಷಿಕ ಮಳೆ ಬೆಂಗಳೂರಿನದಕ್ಕಿಂತ ಹೆಚ್ಚೇನೂ ಅಲ್ಲ. ಎರಡೂ ನಗರಗಳಲ್ಲಿ ಅದು 1000 ಮಿ.ಮೀ. ಆಸುಪಾಸಿನಲ್ಲಿದೆ. ಆದರೆ ಬೆಂಗಳೂರಿನ ಮಳೆ ಸುರಿದು ನಿಂತರೆ ಬಿಸಿಲು ನೆಲವನ್ನು ಒಣಗಿಸುತ್ತದೆ. ಸಿಯಾಟಲ್‌ನಲ್ಲಿ ಮಳೆಯು ವರ್ಷದ ಸುಮಾರು 150 ದಿನಗಳಿಗೆ ಹಂಚಿಹೋಗಿದ್ದು, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮೋಡ ಮತ್ತು ತುಂತುರು ಬಿಡುವು ಕೊಡುವುದು ವಿರಳ. ಲೋಹಕ್ಕೆ ಮಳೆಯ ಪ್ರಮಾಣಕ್ಕಿಂತ ಅದು ಒದ್ದೆಯಾಗಿ ಉಳಿಯುವ ಅವಧಿಯೇ ಹೆಚ್ಚು ಹಾನಿಕರ. ಇದರೊಂದಿಗೆ, ನೆನೆದ ಕಾರನ್ನು ಒಳಗೆ ನಿಲ್ಲಿಸಿ ಬಾಗಿಲು ಮುಚ್ಚಿದಾಗ ಆ ತೇವ ಕೊಠಡಿಯಲ್ಲೇ ಉಳಿದು, ತಣ್ಣಗಿನ ಸ್ಪ್ರಿಂಗ್ ಮತ್ತು ಕೀಲುಗಳ ಮೇಲೆ ಹನಿಗಟ್ಟುತ್ತದೆ. ಆದ್ದರಿಂದ ತುಕ್ಕು ಹಲವು ವೇಳೆ ಒಳಭಾಗದಿಂದಲೇ ಆರಂಭವಾಗುತ್ತದೆ.

ಸಾಮಾನ್ಯ ದೋಷಗಳು

ಮೊದಲು ಕೆಡುವುದು ಬಾಗಿಲಿನ ಅಡಿಯ ರಬ್ಬರ್ ಪಟ್ಟಿ. ಅದು ಗಡುಸಾಗಿ ಬಿರುಕುಬಿಟ್ಟರೆ ನೀರು ಒಳನುಗ್ಗುತ್ತದೆ. ಬದಲಾಯಿಸುವುದು ಸುಲಭ ಮತ್ತು ಅಗ್ಗ. ಆದರೆ ವಾಹನಪಥವು ಬಾಗಿಲಿನ ಕಡೆಗೇ ಇಳಿಜಾರಾಗಿದ್ದರೆ ಯಾವ ರಬ್ಬರ್ ಪಟ್ಟಿಯೂ ನೀರನ್ನು ತಡೆಯಲಾರದು. ಅಂತಹ ಕಡೆ ಬಾಗಿಲಿನ ಮುಂದೆ ಜಾಲರಿ ಮುಚ್ಚಿದ ಅಡ್ಡಚರಂಡಿಯನ್ನು ನಿರ್ಮಿಸಿ, ಶರತ್ಕಾಲದಲ್ಲಿ ಉದುರುವ ಎಲೆ ಮತ್ತು ಫರ್ ಮರದ ಸೂಜಿಗಳನ್ನು ಆಗಾಗ ತೆಗೆಯಬೇಕಾಗುತ್ತದೆ.

ಮರದ ಬಾಗಿಲು ತೇವ ಹೀರಿ ಉಬ್ಬುವುದಷ್ಟೇ ಅಲ್ಲ, ಭಾರವೂ ಆಗುತ್ತದೆ. ಒಣ ಬಾಗಿಲಿನ ತೂಕಕ್ಕೆ ಹೊಂದಿಸಿದ ಸ್ಪ್ರಿಂಗ್ ಆಗ ಸಾಲದೆ ಮೋಟಾರಿನ ಮೇಲೆ ಹೊರೆ ಬೀಳುತ್ತದೆ. ಬಣ್ಣ ಬಳಿಯುವಾಗ ಅಡಿಯ ಅಂಚನ್ನು ಬಿಟ್ಟುಬಿಡುವುದೇ ಇದಕ್ಕೆ ಹೆಚ್ಚಾಗಿ ಕಾರಣ. ಉಕ್ಕಿನ ಬಾಗಿಲಿನಲ್ಲಿ ಗೀರು ಬಿದ್ದ ಜಾಗ ಮತ್ತು ಕೆಳಪಟ್ಟಿಯ ಅಂಚು ತುಕ್ಕು ಹಿಡಿಯುತ್ತವೆ.

ಅತ್ಯಂತ ಅಪಾಯಕಾರಿ ದೋಷವೆಂದರೆ ಕೇಬಲ್‌ನ ಕೆಳತುದಿಯ ಸವೆತ. ನೆಲದಿಂದ ಸಿಡಿದ ನೀರು ಅಲ್ಲಿ ನಿಂತು ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೇಬಲ್ ಕಡಿದರೆ ಬಾಗಿಲು ಒಂದು ಪಕ್ಕಕ್ಕೆ ವಾಲಿ ಹಳಿಯಲ್ಲಿ ಸಿಲುಕುತ್ತದೆ ಅಥವಾ ಕುಸಿಯುತ್ತದೆ. ಎಳೆ ಬಿಟ್ಟಿರುವುದು ಕಂಡೊಡನೆ ಬಳಕೆ ನಿಲ್ಲಿಸಬೇಕು.

ನೆಲದಿಂದ 15 ಸೆಂ.ಮೀ. ಮೀರದ ಎತ್ತರದಲ್ಲಿರುವ ಬೆಳಕಿನ ಸಂವೇದಕಗಳೂ ತೇವಕ್ಕೆ ಬಲಿಯಾಗುತ್ತವೆ. ಮಸೂರದ ಮೇಲೆ ಇಬ್ಬನಿಯೋ ಜೇಡರ ಬಲೆಯೋ ಇದ್ದರೆ ಬಾಗಿಲು ತೆರೆಯುತ್ತದೆ, ಆದರೆ ಮುಚ್ಚುವುದಿಲ್ಲ. ಒಣಬಟ್ಟೆಯಿಂದ ಒರೆಸಿದರೆ ಸರಿಹೋಗುವ ಈ ತೊಂದರೆಗೆ ತಂತ್ರಜ್ಞರನ್ನು ಕರೆಸುವವರೇ ಹೆಚ್ಚು.

ವಾಡಿಕೆಯ ನಿರ್ವಹಣೆ

ಮಳೆಗಾಲಕ್ಕೆ ಮುನ್ನ ಮತ್ತು ಅದರ ನಂತರ ಕೀಲು, ಬೇರಿಂಗ್ ಹಾಗೂ ಸ್ಪ್ರಿಂಗ್ ಸುರುಳಿಗಳಿಗೆ ಸಿಲಿಕೋನ್ ಅಥವಾ ಲಿಥಿಯಂ ಆಧಾರಿತ ಕೀಲೆಣ್ಣೆ ಸಿಂಪಡಿಸುವುದು ರೂಢಿ. ಹಳಿಗಳಿಗೆ ಗ್ರೀಸ್ ಹಚ್ಚಬಾರದು. ಅದು ಧೂಳನ್ನು ಹಿಡಿದಿಟ್ಟು ರೋಲರ್‌ಗಳನ್ನು ತಡೆಯುತ್ತದೆ.

ಸಮತೋಲ ಪರೀಕ್ಷೆಗಾಗಿ, ಬಾಗಿಲು ಪೂರ್ತಿ ಮುಚ್ಚಿರುವಾಗ ಕೆಂಪು ಹಿಡಿಕೆಯ ಹಗ್ಗವನ್ನು ಎಳೆದು ಚಾಲಕದಿಂದ ಬೇರ್ಪಡಿಸಿ, ಕೈಯಿಂದ ಅರ್ಧ ಎತ್ತರಕ್ಕೆ ಏರಿಸಬೇಕು. ಅದು ಅಲ್ಲಿಯೇ ನಿಂತರೆ ಸ್ಪ್ರಿಂಗ್ ಸರಿಯಾಗಿದೆ. ಮುಚ್ಚಿದ ಬಾಗಿಲು ಕೈಗೆ ವಿಪರೀತ ಭಾರವೆನಿಸಿದರೆ ಬಲವಂತವಾಗಿ ಎತ್ತದೆ ಪರೀಕ್ಷೆಯನ್ನು ಅಲ್ಲಿಗೇ ಬಿಡಬೇಕು. ಚಳಿಗಾಲದ ಬಿರುಗಾಳಿಯಲ್ಲಿ ವಿದ್ಯುತ್ ಕಡಿತವಾದಾಗಲೂ ಇದೇ ಹಗ್ಗ ಬಳಕೆಗೆ ಬರುತ್ತದೆ. ಆದರೆ ಸ್ಪ್ರಿಂಗ್ ಮುರಿದು ಬಾಗಿಲು ತೆರೆದ ಸ್ಥಿತಿಯಲ್ಲಿದ್ದಾಗ ಹಗ್ಗ ಎಳೆದರೆ ಇಡೀ ಬಾಗಿಲು ಒಮ್ಮೆಲೇ ಕೆಳಗೆ ಬೀಳಬಹುದು.

ಸ್ಪ್ರಿಂಗ್ ಬದಲಾವಣೆ ಮತ್ತು ಸುರಕ್ಷತೆ

ಸಾಮಾನ್ಯ ತಿರುಚು ಸ್ಪ್ರಿಂಗನ್ನು ಸುಮಾರು 10,000 ಆವರ್ತನಗಳಿಗೆ ತಯಾರಿಸಲಾಗುತ್ತದೆ. ಬಾಗಿಲು ಒಮ್ಮೆ ತೆರೆದು ಮುಚ್ಚುವುದು ಒಂದು ಆವರ್ತನ. ದಿನಕ್ಕೆ ನಾಲ್ಕು ಸಲದ ಬಳಕೆಯಲ್ಲಿ ಇದು ಏಳು ವರ್ಷಗಳಿಗೆ ಸ್ವಲ್ಪ ಕಡಿಮೆ. ತುಕ್ಕಿನ ಸಣ್ಣ ಕುಳಿಗಳಿಂದ ಬಿರುಕು ಆರಂಭವಾಗುವುದರಿಂದ ತೇವದ ಗ್ಯಾರೇಜಿನಲ್ಲಿ ಅದು ಇನ್ನೂ ಬೇಗ ಮುರಿಯಬಹುದು. ಬಿಗಿದ ಸ್ಪ್ರಿಂಗ್‌ನಲ್ಲಿ ಮೂಳೆ ಮುರಿಯುವಷ್ಟು ಶಕ್ತಿ ಅಡಗಿರುತ್ತದೆ. ಸ್ಪ್ರಿಂಗ್, ಕೇಬಲ್ ಮತ್ತು ಕೇಬಲ್ ಸೇರಿಸಿರುವ ಕೆಳಮೂಲೆಯ ಬ್ರಾಕೆಟ್ ಈ ಮೂರನ್ನು ತರಬೇತಿ ಪಡೆದವರಲ್ಲದೆ ಬೇರೆಯವರು ಬಿಚ್ಚಬಾರದು.

ಸ್ವಯಂಚಾಲಿತ ಬಾಗಿಲುಗಳಡಿ ಸಿಲುಕಿ ಮಕ್ಕಳು ಮೃತಪಟ್ಟ ಪ್ರಕರಣಗಳ ಹಿನ್ನೆಲೆಯಲ್ಲಿ ಅಮೆರಿಕವು 1990ರಲ್ಲಿ ಶಾಸನ ರೂಪಿಸಿತು. 1993ರ ಜನವರಿ 1ರಿಂದ ತಯಾರಾಗುವ ಗೃಹಬಳಕೆಯ ಚಾಲಕಗಳಿಗೆ ಸಿಲುಕುವಿಕೆಯನ್ನು ತಡೆಯುವ ರಕ್ಷಣಾ ವ್ಯವಸ್ಥೆ ಕಡ್ಡಾಯವಾಯಿತು. ಸುಮಾರು 38 ಮಿ.ಮೀ. ದಪ್ಪದ ಮರದ ತುಂಡನ್ನು ಬಾಗಿಲಿನ ಅಡಿ ಮಲಗಿಸಿ ಇದನ್ನು ಪರೀಕ್ಷಿಸಲಾಗುತ್ತದೆ: ತುಂಡಿಗೆ ತಾಗಿದೊಡನೆ ಬಾಗಿಲು ಹಿಂದಿರುಗಿ ಮೇಲೇರಬೇಕು.

ಕರ್ನಾಟಕದಲ್ಲಿ

ಕರ್ನಾಟಕದ ಮನೆಗಳಲ್ಲಿ ಇಂತಹ ಬಾಗಿಲು ಅಪರೂಪ. ಅಂಗಡಿ ಮತ್ತು ಕೆಲವು ಮನೆಗಳಲ್ಲಿ ಸುರುಳಿಯಾಗುವ ಉಕ್ಕಿನ ಶಟರ್ ಬಳಕೆಯಲ್ಲಿದೆ. ಅದರ ಭಾರವನ್ನೂ ಮೇಲಿನ ದಂಡದೊಳಗಿನ ಸ್ಪ್ರಿಂಗ್ ಸರಿದೂಗಿಸುತ್ತದೆ. ಕರಾವಳಿಯಲ್ಲಿ ಮುಂಗಾರಿನ ಜೊತೆಗೆ ಉಪ್ಪುಗಾಳಿಯೂ ಸೇರುವುದರಿಂದ ಶಟರಿನ ಕೆಳಪಟ್ಟಿ ಮತ್ತು ಪಕ್ಕದ ಕಾಲುವೆಗಳ ಬುಡ ಬೇಗ ತುಕ್ಕು ಹಿಡಿಯುತ್ತವೆ.