ಟಿವಿ ಹತ್ತಲಿಲ್ಲ ಅಂದ್ರೆ ಮೊದ್ಲು ಕರೆಂಟ್ ನೋಡ್ರಮ್ಮ

ಹೋದ ವಾರ ಸಂಜೆ ದೀಪ ಹಚ್ಚಿ, ಟಿವಿ ಹಾಕೋಣ ಅಂತ ರಿಮೋಟ್ ಒತ್ತಿದ್ರೆ ಮಿಣುಕ್ ಅನ್ನಲಿಲ್ಲ. "ಸತ್ತೋಯ್ತು ಕಣೇ ಇದು, ಶಿರಾದಿಂದ ರಿಪೇರಿಯವನ್ನ ಕರ್ಸು" ಅಂದ್ರು ನಮ್ಮತ್ತೆ. ಅವನು ಬಂದು ಮುಟ್ಟಿದ್ರೇ ಐನೂರು ರೂಪಾಯಿ. ನಂಗೆ ನಮ್ ದೊಡ್ಡವ್ವ ನೆನಪಾದ್ಲು.

1987ನೇ ಇಸವಿ. ಜನವರಿ 25ರಿಂದ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಶುರುವಾಗಿತ್ತು. ನಮ್ ಬೀದಿಗೆಲ್ಲ ಇದ್ದದ್ದು ದೊಡ್ಡವ್ವನ ಮನೆ ಟಿವಿ ಒಂದೇ. ಮರದ ಪೆಟ್ಟಿಗೆ, ಅದಕ್ಕೊಂದು ಬಾಗ್ಲು, ಪಕ್ಕದಲ್ಲಿ ಮುಳ್ಳಿರೋ ಸ್ಟೆಬಿಲೈಸರ್. ಹೆಂಗಸ್ರು ಧೂಳು ಒರೆಸ್ಬೋದಿತ್ತು, ಗುಂಡಿ ಮುಟ್ಟಂಗಿರ್ಲಿಲ್ಲ.

ಒಂದು ಭಾನುವಾರ ಪಡಸಾಲೆ ತುಂಬ ಜನ, ಟಿವಿ ಹತ್ತಲಿಲ್ಲ. ಗಂಡಸ್ರೆಲ್ಲ ಸೇರಿ ಆಂಟೆನಾ ತಿರುಗಿಸಿದ್ರು, ಪೆಟ್ಟಿಗೆ ತಟ್ಟಿದ್ರು. ದೊಡ್ಡವ್ವ ಅಡಿಗೆಮನೆ ಬಾಗ್ಲಲ್ಲೇ ನಿಂತು, "ಮುಳ್ಳು ಕೆಳಗೈತೆ, ತೋಟದಲ್ಲಿ ಮೋಟ್ರು ಓಡ್ತಾವೆ, ಕರೆಂಟ್ ಸಾಲ್ತಿಲ್ಲ" ಅಂದ್ಲು. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅವಳೇ ನನ್ನನ್ನೂ ತಮ್ಮನ್ನೂ ತೋಟಕ್ಕೆ ಓಡ್ಸಿದ್ಲು. ಮೋಟ್ರು ನಿಲ್ಸಿ ನಾವು ಬರೋ ಹೊತ್ಗೆ ಟಿವಿ ಹತ್ತಿತ್ತು.

ದೊಡ್ಡವ್ವ ಹೇಳಿದ್ದು ಹೆಂಗೆ ಸರಿ ಅಂದ್ರೆ, ಆವಾಗ ಮನೆ ದೀಪಕ್ಕೂ ಬೋರ್‌ವೆಲ್ ಮೋಟ್ರಿಗೂ ಒಂದೇ ಟ್ರಾನ್ಸ್‌ಫಾರ್ಮರ್. ಮನೆಗೆ ಬೇಕಾದ್ದು 230 ವೋಲ್ಟ್. ನಾಕಾರು ಮೋಟ್ರು ಒಟ್ಟಿಗೆ ಎದ್ರೆ ವೋಲ್ಟೇಜ್ ಕುಸೀತಿತ್ತು. ಸ್ಟೆಬಿಲೈಸರ್ ಒಂದು ಮಟ್ಟದ ತನಕ ಏರಿಸ್ಕೊಡ್ತಿತ್ತು, ಅದ್ಕೂ ಕೆಳಗಾದ್ರೆ ಕೈ ಚೆಲ್ತಿತ್ತು.

ಹಿಂದಿನ ಕತೆ ನೋಡಿದ್ರೂ ಹಂಗೇ. ದೆಹಲೀಲಿ ಟಿವಿ ಶುರುವಾದದ್ದು 1959ರ ಸೆಪ್ಟೆಂಬರ್ 15ಕ್ಕೆ. ನಮ್ಮ ರಾಜ್ಯದ ಹಳ್ಳಿಗಳಿಗೆ ಟಿವಿ ಮೊದ್ಲು ಬಂದದ್ದು ಮನೆಮನೆಗಲ್ಲ, ಊರೊಟ್ಟಿಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಅನ್ನೋ ಉಪಗ್ರಹದ ಮೂಲಕ ಇಸ್ರೋ ಮತ್ತೆ ಆಕಾಶವಾಣಿಯವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗೆ ಬೇಸಾಯ, ಆರೋಗ್ಯ, ಮಕ್ಕಳ ಪಾಠ ತೋರ್ಸಿದ್ರು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಕಡೆ ಹಳ್ಳಿಗಳು ಅದ್ರಲ್ಲಿದ್ದವು. ಕೋಳಿಗೂಡಿಗೆ ಹಾಕ್ತೀವಲ್ಲ, ಅಂಥ ತಂತಿ ಬಲೆಯ 3 ಮೀಟರ್ ಅಗಲದ ಛತ್ರಿ ಆಂಟೆನಾ. ದೇಶದಲ್ಲಿ ಕರೆಂಟೇ ಬರದ ಕೆಲವು ಊರಲ್ಲಿ ಟಿವಿ ಬ್ಯಾಟರಿ ಮೇಲೆ ಓಡ್ತು. ಆಮೇಲೆ 1981ರ ನವೆಂಬರ್ 1ಕ್ಕೆ ಬೆಂಗಳೂರು ದೂರದರ್ಶನ ಬಂತು. 1985ರ ತನಕ ಟಿವಿ ಇಟ್ಕೊಳ್ಳಾಕೆ ಅಂಚೆ ಕಚೇರೀಲಿ ಲೈಸೆನ್ಸ್ ದುಡ್ಡು ಕಟ್ಬೇಕಿತ್ತು. ಏನೇ ಕಟ್ಟಿದ್ರೂ ಗೋಡೇಲಿ ಕರೆಂಟ್ ಇಲ್ದಿದ್ರೆ ಪೆಟ್ಟಿಗೆ ಪೆಟ್ಟಿಗೇನೇ.

ಅದ್ಕೇ ಹೋದ ವಾರ ನಾನೂ ದೊಡ್ಡವ್ವನ ದಾರಿ ಹಿಡಿದೆ. ಟಿವಿ ಕೆಳಗೆ ಒಂದು ಸಣ್ಣ ಕೆಂಪು ದೀಪ ಇರುತ್ತಲ್ಲ, ಅದು ಉರೀತಿದ್ರೆ ಟಿವಿಗೆ ಕರೆಂಟ್ ಬರ್ತೈತೆ ಅಂತ. ಆವಾಗ ರಿಮೋಟ್ ಸೆಲ್ ಬದಲಾಯ್ಸಿ, ಟಿವಿಯದೇ ಗುಂಡಿ ಒತ್ತಿ ನೋಡ್ಬೇಕು. ಅದ್ಕೂ ಬಗ್ಗದಿದ್ರೆ ಪ್ಲಗ್ ಕಿತ್ತು, ಗುಂಡಿ ಅರ್ಧ ನಿಮಿಷ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕದು. ಟಿವಿ ಹತ್ತಿ "ಸಿಗ್ನಲ್ ಇಲ್ಲ" ಅಂತ ಬಂದ್ರೆ ಅದು ಬೇರೆ ರೋಗ, ಸೆಟ್‌ಟಾಪ್ ಬಾಕ್ಸ್ ನೋಡ್ಬೇಕು.

ನಮ್ಮನೇಲಿ ಕೆಂಪು ದೀಪಾನೇ ಇರ್ಲಿಲ್ಲ. ಅದೇ ಸಾಕೆಟ್ಟಿಗೆ ಫೋನ್ ಚಾರ್ಜರ್ ಹಾಕ್ದೆ, ಚಾರ್ಜ್ ಆಗ್ಲಿಲ್ಲ. ಬೇರೆ ಕಡೆ ಹಾಕ್ದೆ, ಆಯ್ತು. ಟಿವಿನೂ ಅಲ್ಲಿಗೇ ಎಳ್ಕೊಂಡೋದೆ, ಹತ್ತೇಬಿಡ್ತು! ಹಳೇ ಸಾಕೆಟ್ ಹತ್ರ ಮೂಗಿಟ್ರೆ ಸುಟ್ಟ ವಾಸನೆ. ಮೇನ್ ಆಫ್ ಮಾಡಿ, ಬೆಳಿಗ್ಗೆ ಎಲೆಕ್ಟ್ರಿಷಿಯನ್ ಕರ್ಸಿದ್ವಿ. ಬಿಚ್ಚಿದ್ರೆ ವೈರ್ ಸಡಿಲಾಗಿ ಒಳಗೆಲ್ಲ ಕರ್ರಗಾಗಿತ್ತು. "ಇನ್ನು ನಾಕ್ ದಿನ ಬಿಟ್ಟಿದ್ರೆ ಬೆಂಕಿ ಹತ್ಕೊಳ್ಳೋದು ಕಣಕ್ಕ" ಅಂದ. ಟಿವಿ ಕೆಟ್ಟಿದ್ದಲ್ಲ, ಗೋಡೆ ಕೆಟ್ಟಿತ್ತು. ಅತ್ತೆ ದೇವ್ರಿಗೆ ಕೈ ಮುಗುದ್ರು.

ಒಂದು ಮಾತು ಮಾತ್ರ ಮರೀಬ್ಯಾಡ್ರಿ. ಯಾವ ಟಿವಿಯದೂ ಹಿಂದ್ಗಡೆ ಮುಚ್ಚಳ ಬಿಚ್ಚಬ್ಯಾಡಿ. ಅಟ್ಟದ ಮೇಲೆ ಹಳೇ ಡಬ್ಬದ ಟಿವಿ ಇದ್ರೆ ಅದನ್ನಂತೂ ಮುಟ್ಟಲೇಬ್ಯಾಡಿ. ಅದರ ಪಿಕ್ಚರ್ ಟ್ಯೂಬು ಓಡೋವಾಗ 20,000 ವೋಲ್ಟ್ ದಾಟುತ್ತೆ, ಪ್ಲಗ್ ಕಿತ್ತ ಮೇಲೂ ಒಳಗೆ ಉಳಿದಿರ್ಬೋದು. ಗುಡುಗು ಬಂದ್ರೆ ಪ್ಲಗ್ಗೂ ಕೀಳಿ, ಡಿಶ್ ವೈರೂ ಕೀಳಿ.

ನಮ್ ಮಗ್ಗುಲಿನ ಪಾವಗಡದ ತಿರುಮಣಿ ಸುತ್ತ ಈಗ ಸುಮಾರು 13,000 ಎಕರೇಲಿ ಸೋಲಾರ್ ಪಾರ್ಕ್ ಐತೆ, 2,050 ಮೆಗಾವಾಟ್‌ದು. ಮಳೆ ಕಾಣದ ಹೊಲಗಳನ್ನ ರೈತ್ರು ಅದಕ್ಕೆ ಗುತ್ತಿಗೆ ಕೊಟ್ಟವ್ರೆ. ಕರೆಂಟು ಹುಟ್ಟೋ ಜಾಗ ಇಷ್ಟು ಹತ್ರ ಬಂದ್ರೂ, ಗೋಡೆಯಿಂದ ಟಿವಿ ತನಕದ ಆ ಎರಡು ಮೊಳ ವೈರ್ ನೋಡ್ಕೊಳ್ಳೋರು ಮನೇಲಿರೋ ನಾವೇ. ಇವತ್ತು ಅಡಿಗೆ ಆದ್ಮೇಲೆ ನಿಮ್ಮನೆ ಸಾಕೆಟ್ಟುಗಳನ್ನ ಒಂದ್ಸಲ ನೋಡ್ಕೊಂಡು ಬನ್ರಮ್ಮ.