ರನ್ನನ ಸೀಮೆಯಿಂದ ಒಂದು ಪುಸ್ತಕದ ಪಟ್ಟಿ

“ಓದೋಕೆ ಒಳ್ಳೇ ಪುಸ್ತಕ ಯಾವುದಾದ್ರೂ ಇದ್ರೆ ಹೇಳಿ” ಅಂತ ತಿಂಗಳಿಗೆ ನಾಲ್ಕೈದು ಮಂದಿಯಾದರೂ ನನ್ನನ್ನು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಯಾರಿಗೆ? ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚುವವರಿಗೆ ಬೇಕಾದ ಪುಸ್ತಕ ಬೇರೆ, ರಜೆಯಲ್ಲಿ ಊರಿಗೆ ಹೋಗುವವರಿಗೆ ಬೇಕಾದದ್ದು ಬೇರೆ. “ಸಾಯೋದ್ರೊಳಗೆ ಓದಲೇಬೇಕಾದ ನೂರು ಪುಸ್ತಕ” ಅನ್ನೋ ಪಟ್ಟಿಗಳಲ್ಲಿ ಈ ‘ಯಾರಿಗೆ’ ಅನ್ನೋದೇ ಇರಲ್ಲ.

ಇದು ಮುಧೋಳದ ಒಬ್ಬ ಕವಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ರನ್ನ ಹುಟ್ಟಿದ್ದು 949ರಲ್ಲಿ, ಆಗಿನ ಮುದುವೊಳಲಿನ ಬಳೆಗಾರರ ಮನೆಯಲ್ಲಿ. ಓದುವ ಹಟಕ್ಕೆ ಬಿದ್ದು ಶ್ರವಣಬೆಳಗೊಳದವರೆಗೆ ಹೋದ, ಅಜಿತಸೇನಾಚಾರ್ಯರ ಬಳಿ ಕಲಿತ, ಚಾವುಂಡರಾಯನ ಆಸರೆ ಪಡೆದ. ಆಮೇಲೆ ಬರೆದದ್ದನ್ನು ನೋಡಿ. ಅತ್ತಿಮಬ್ಬೆಗಾಗಿ 993ರಲ್ಲಿ ‘ಅಜಿತಪುರಾಣ’: ಎರಡನೇ ತೀರ್ಥಂಕರನ ಕಥೆ, ಶಾಂತವಾದ ಕಾವ್ಯ. ಚಾಲುಕ್ಯ ದೊರೆ ಸತ್ಯಾಶ್ರಯನಿಗಾಗಿ ‘ಗದಾಯುದ್ಧ’: ಯುದ್ಧ, ಸಿಟ್ಟು, ಛಲ. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡು ಧರ್ಮದ ಕಡೆ ತಿರುಗಿದ ಹೆಣ್ಣುಮಗಳಿಗೆ ಒಂದು ಪುಸ್ತಕ, ಕತ್ತಿ ಹಿಡಿದ ದೊರೆಗೆ ಇನ್ನೊಂದು. ಬರೆದ ಕೈ ಮಾತ್ರ ಒಂದೇ.

ಅತ್ತಿಮಬ್ಬೆಯ ಕಥೆ ಇನ್ನೂ ದೊಡ್ಡದು. ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ಸೇರಿ ಪೊನ್ನನ ಕೈಯಲ್ಲಿ ‘ಶಾಂತಿಪುರಾಣ’ ಬರೆಸಿದ್ದರು. ಅತ್ತಿಮಬ್ಬೆ ಅದರ 1000 ಪ್ರತಿ ಮಾಡಿಸಿ ಹಂಚಿದಳು. ಆಗ ಪ್ರಿಂಟ್ ಬಟನ್ ಇರಲಿಲ್ಲ ಸ್ವಾಮಿ. ತಾಳೆಗರಿಯನ್ನು ಹದ ಮಾಡಿ, ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ಸವರಿ, ದಾರ ಪೋಣಿಸಿ ಕಟ್ಟಬೇಕು. ಇಷ್ಟನ್ನೂ ಸಾವಿರ ಸಲ ಮಾಡಿಸಬೇಕು.

‘ಶಾಂತಿಪುರಾಣ’ ಇವತ್ತಿಗೂ ಉಳಿದಿದೆ. ರನ್ನನದೇ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ ಮಾತ್ರ ಸಿಕ್ಕಿಲ್ಲ. ಪ್ರತಿಗಳ ಸಂಖ್ಯೆಯೊಂದೇ ಕಾರಣ ಅಂತ ಹೇಳೋಕಾಗಲ್ಲ; ಗೆದ್ದಲು, ಮಳೆ, ಯುದ್ಧ ಎಲ್ಲ ಇರುತ್ತೆ. ಆದರೂ ಕೈಯಿಂದ ಕೈಗೆ ದಾಟದ ಪುಸ್ತಕಕ್ಕೆ ಆಯಸ್ಸು ಕಡಿಮೆ ಅನ್ನೋದಂತೂ ನಿಜ. ಹಾಗಾಗಿ ಪುಸ್ತಕ ಶಿಫಾರಸು ಮಾಡೋದು ನನಗೆ ಟೈಮ್‌ಪಾಸ್ ಅಲ್ಲ. ಇದೊಂದೇ ಸೀಮೆಯ ನೆಂಟಸ್ತಿಕೆಯಿಂದ, ಬೇರೆ ಬೇರೆ ಥರದ ಓದುಗರಿಗೆ ನನ್ನ ಪಟ್ಟಿ ಇಲ್ಲಿದೆ.

ಸೋತವರ ಕಥೆ ಇಷ್ಟಪಡುವವರಿಗೆ ‘ಗದಾಯುದ್ಧ’ವೇ. ಭೀಮನನ್ನು ಹೊಗಳೋಕೆ ಹೊರಟ ಕಾವ್ಯದಲ್ಲಿ ನಮ್ಮ ಮನಸ್ಸನ್ನು ಹಿಡಿಯೋದು ಹೆಣಗಳ ನಡುವೆ ಒಬ್ಬನೇ ನಡೆದುಹೋಗುವ ದುರ್ಯೋಧನ. ಹಳಗನ್ನಡ ಅಂದ್ರೆ ಭಯವೇ? ತೀ.ನಂ. ಶ್ರೀಕಂಠಯ್ಯನವರ ‘ಗದಾಯುದ್ಧ ಸಂಗ್ರಹಂ’ ಇದೆ. ನಾಟಕದ ಹುಚ್ಚಿದ್ದವರು ಬಿ.ಎಂ.ಶ್ರೀ. ಅವರ ‘ಗದಾಯುದ್ಧ ನಾಟಕಂ’ ಹಿಡಿಯಬಹುದು. ಇಂಗ್ಲಿಷೇ ಸಲೀಸು ಅನ್ನುವವರಿಗೆ ಆರ್.ವಿ.ಎಸ್. ಸುಂದರಂ ಮತ್ತು ಅಮ್ಮೆಲ್ ಶರೋನ್ ಅವರ ಅನುವಾದವಿದೆ. ಯಾವ ಬಾಗಿಲಿಂದ ಒಳಗೆ ಹೋದರೂ ಸಿಗೋದು ಅದೇ ದುರ್ಯೋಧನ.

ಪುಸ್ತಕ ಅಂದ್ರೆ ನಿದ್ದೆ ಬರುತ್ತೆ ಅನ್ನುವವರಿಗೆ ಹಲಗಲಿ ಬೇಡರ ಲಾವಣಿ. ಹಲಗಲಿ ಇರೋದು ಮುಧೋಳ ಸೀಮೆಯಲ್ಲೇ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಈ ಊರಿನ ಬೇಡರು ಒಪ್ಪಲಿಲ್ಲ. ನವೆಂಬರ್‌ನಲ್ಲಿ ಸೈನ್ಯ ಬಂದು ಊರಿಗೇ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲುಗಳು ಎದ್ದವು. ಸರ್ಕಾರಿ ಕಾಗದದಲ್ಲಿ ಇವರು ದಂಗೆಕೋರರು. ಲಾವಣಿಯಲ್ಲಿ ಅವರಿಗೆ ಹೆಸರಿದೆ: ಜಡಗ, ಬಾಲ, ಹನುಮ, ರಾಮ. ಹಾಡುವವರ ಬಾಯಲ್ಲಿದ್ದ ಇಂಥ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಮಾಡಿಸಿದವನು ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿ, ಜೆ.ಎಫ್. ಫ್ಲೀಟ್. ಹತ್ತನೇ ಕ್ಲಾಸಿನ ಪಠ್ಯದಲ್ಲಿ ನಿಮ್ಮಲ್ಲಿ ಕೆಲವರು ಓದಿರಬಹುದು. ಈಗ ಪರೀಕ್ಷೆ ಇಲ್ಲ. ಜೋರಾಗಿ ಓದಿ ನೋಡಿ, ಇದು ಕಿವಿಯ ಸಾಹಿತ್ಯ.

ಮೆಟ್ರೋದಲ್ಲಿ ಇಪ್ಪತ್ತೇ ನಿಮಿಷ ಸಿಗುವವರಿಗೆ ವಚನ. ಒಂದು ಸ್ಟೇಷನ್ನಿಗೆ ಒಂದು ಸಾಕು. ಇದಕ್ಕೆ ರಬಕವಿ-ಬನಹಟ್ಟಿಯ ನಂಟಿದೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಫ.ಗು. ಹಳಕಟ್ಟಿಯವರು ರಬಕವಿಯ ಒಂದು ಮನೆತನದಲ್ಲಿ ಪ್ರಭುದೇವರ ವಚನಗಳ ತಾಡೋಲೆ ಕಟ್ಟು ಕಂಡರು. ಮುಂದೆ ಅವರ ಜೀವಮಾನವನ್ನೇ ನುಂಗಿದ ಕೆಲಸದ ಆರಂಭಗಳಲ್ಲಿ ಇದೂ ಒಂದು. ವಿಜಯಪುರದಲ್ಲಿ ವಕೀಲರಾಗಿದ್ದ ಹಳಕಟ್ಟಿ ಊರೂರು ತಿರುಗಿ ಓಲೆಗಳನ್ನು ಕೂಡಿಹಾಕಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, 1925ರಲ್ಲಿ ಹಿತಚಿಂತಕ ಅನ್ನೋ ಸ್ವಂತ ಮುದ್ರಣಾಲಯವನ್ನೇ ತೆರೆದರು. ಆ ಮನೆಯವರು ಓಲೆಗಳನ್ನು ಜೋಪಾನ ಮಾಡದೇ ಒಲೆಗೆ ಹಾಕಿದ್ದರೆ? ನೇಕಾರರ ಈ ಊರಿನ ಲೆಕ್ಕದಲ್ಲಿ ನಾನು ಮೊದಲು ಕೊಡೋದು ನೇಕಾರ ವಚನಕಾರ ದೇವರ ದಾಸಿಮಯ್ಯನನ್ನು. ಇಂಗ್ಲಿಷ್ ಮೀಡಿಯಂನವರಿಗೆ ಎ.ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ ಇದೆ, 1973ರದ್ದು. ಬಸವಣ್ಣ, ಅಕ್ಕ, ಅಲ್ಲಮರ ಜೊತೆ ದಾಸಿಮಯ್ಯನೂ ಅಲ್ಲಿದ್ದಾನೆ.

ತತ್ವಶಾಸ್ತ್ರ ಬೇಕು, ಆದ್ರೆ ಉಪದೇಶ ಬೇಡ ಅನ್ನುವವರಿಗೆ ಜಮಖಂಡಿಯ ರಾ.ದ. ರಾನಡೆ. ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ ಅರಮನೆಯ ಭಾಷೆ ಮರಾಠಿ, ಸಂತೆಯ ಭಾಷೆ ಕನ್ನಡ. 1886ರಲ್ಲಿ ಅಲ್ಲಿ ಹುಟ್ಟಿದ ರಾನಡೆ ಮರಾಠಿ, ಹಿಂದಿ, ಕನ್ನಡ ಮೂರೂ ಭಾಷೆಯ ಸಂತರ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ಕನ್ನಡದ ಭಾಗ ‘ಪಾಥ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’ ಅವರು ತೀರಿಕೊಂಡ ಮೇಲೆ, 1960ರಲ್ಲಿ ಬಂತು. ರಾಜಕೀಯದ ರುಚಿ ಇದ್ದವರು ಅದೇ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರ ಆತ್ಮಕಥೆ ‘ಐ ಆಮ್ ಮೈ ಓನ್ ಮಾಡೆಲ್’ ನೋಡಬಹುದು. ಜಮಖಂಡಿಯ ಪುರಸಭೆಯಿಂದ ಹೊರಟ ಮನುಷ್ಯ 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದದ್ದು ಹೇಗೆ ಅನ್ನೋದೇ ಒಂದು ಪಾಠ.

ವಿಚಿತ್ರವಾದದ್ದು ಏನಾದ್ರೂ ಕೊಡಿ ಅನ್ನುವವರಿಗೆ ಬೀಳಗಿ ಕಡೆಯ ಗಲಗಲಿಯಲ್ಲಿ ಹುಟ್ಟಿದ ಸತ್ಯಕಾಮ. ತಂತ್ರಸಾಧನೆಯ ಲೋಕದ ಅವರ ‘ಪಂಚಮಗಳ ನಡುವೆ’ ಎಲ್ಲರಿಗೂ ಅಲ್ಲ. ಒಗ್ಗಿದವರು ಮಾತ್ರ ಪೂರ್ತಿ ಮುಗಿಸದೇ ಬಿಡೋದು ಕಷ್ಟ.

ಬೀಳಗಿಗೆ ನಾನು ಕೊಡುವ ಇನ್ನೊಂದು ಪುಸ್ತಕ ಈ ಸೀಮೆಯದ್ದೇ ಅಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರು-ಹೊಲ ಬಿಟ್ಟುಕೊಟ್ಟ ಮನೆತನಗಳು ಇಲ್ಲಿ ಬೇಕಾದಷ್ಟು. ಅಂಥ ಮನೆಯ ಮಕ್ಕಳು ಈಗ ಬೆಂಗಳೂರು, ಪುಣೆಯ ಆಫೀಸುಗಳಲ್ಲಿದ್ದಾರೆ. ಅವರಿಗೆ ನಾ. ಡಿಸೋಜರ ‘ದ್ವೀಪ’. ಅದು ಶರಾವತಿಯ ಕಥೆ, ಮಲೆನಾಡಿನ ಮಳೆ. ಆದರೆ ದಿನಾ ಒಂದೊಂದು ಗೇಣು ಏರುವ ನೀರನ್ನು ಅಂಗಳದಲ್ಲಿ ನಿಂತು ನೋಡುವುದು ಕೃಷ್ಣೆಯ ದಂಡೆಯಲ್ಲೂ ಹಾಗೇ. ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿದ್ದರೂ ಪುಸ್ತಕ ಓದಿ.

ಕೊನೆಗೆ ನಾಯಿ ಸಾಕುವವರಿಗೊಂದು. ಮುಧೋಳ ನಾಯಿಯ ವಂಶ-ಗುಣ ತಿಳಿಯದೇ ಮರಿ ತಂದು ಫ್ಲ್ಯಾಟಿನಲ್ಲಿ ಕಟ್ಟಿಹಾಕುವ ಮೊದಲು ಥಿಯೊಡೋರ್ ಭಾಸ್ಕರನ್ ಅವರ ‘ದಿ ಬುಕ್ ಆಫ್ ಇಂಡಿಯನ್ ಡಾಗ್ಸ್’ ತಿರುವಿ ಹಾಕಿ. ಓಡೋಕಂತಲೇ ಹುಟ್ಟಿದ ಬೇಟೆನಾಯಿ ಅದು.

ಇದರಲ್ಲಿ ಎಲ್ಲವನ್ನೂ ಓದಿ ಅಂತ ನಾನು ಹೇಳೋದಿಲ್ಲ. ಒಂದನ್ನು ಓದಿ, ಹಿಡಿಸಿದರೆ ಇನ್ನೊಂದು ಪ್ರತಿ ಕೊಂಡು, ಇದು ಇಂಥವರಿಗೇ ಅಂತ ನೆನೆದು ಅವರ ಕೈಗೆ ಕೊಡಿ. ಲಿಂಕ್ ಕಳಿಸಿದರೆ ಅದು ನೂರು ಲಿಂಕುಗಳ ಕೆಳಗೆ ಹೂತುಹೋಗುತ್ತೆ. ಅತ್ತಿಮಬ್ಬೆಯ ಹಾಗೆ ಸಾವಿರ ಬೇಡ, ಒಂದು ಸಾಕು. ‘ಪರಶುರಾಮಚರಿತ’ದ ಒಂದೇ ಒಂದು ಪ್ರತಿ ಯಾರದ್ದಾದರೂ ಅಟ್ಟದ ಮೇಲೆ ಉಳಿದಿದ್ದರೆ ಇವತ್ತು ಅದೂ ಈ ಪಟ್ಟಿಯಲ್ಲಿರುತ್ತಿತ್ತು.